ಕ ಇನ್ನೂ ಬಂದಿಲ್ಲ

ಹನ್ನೆರಡು ವರ್ಷ ಮಕ್ಕಳ ಮಾಸಪತ್ರಿಕೆಗೆ ಕತೆ ಬರೆದೆ,
ಹಾಸನದ ಬಾಡಿಗೆ ಮನೆಯಲ್ಲಿ, ಒಬ್ಬಳೇ.
ನನ್ನ ಕತೆಯ ಪುಟ್ಟಿಗೆ ಎರಡು ತುಂಬಿರಲಿಲ್ಲ,
ಆದರೂ ಅಂಗಳದಲ್ಲಿ ನಿಂತು ಕೇಳುತ್ತಿದ್ದಳು:
'ಅಮ್ಮಾ, ನಕ್ಷತ್ರಗಳಿಗೆ ಚಳಿಯಾದರೆ
ಕಂಬಳಿ ಹೊದಿಸುವವರು ಯಾರು?'
ಆ 'ಆದರೆ' ಅವಳ ಬಾಯಲ್ಲಿ
ಹಾಲುಹಲ್ಲಿಗಿಂತ ಮೊದಲೇ ಮೂಡಿತ್ತು.
ಯಾರೂ ಆಕ್ಷೇಪಿಸಲಿಲ್ಲ. ಸಂಪಾದಕರು ಒಮ್ಮೆ ಮಾತ್ರ
ಹಸಿರು ಶಾಯಿಯಲ್ಲಿ ಬರೆದರು: 'ಸ್ವಲ್ಪ ತೊದಲಿಸಿ.'
ರ ಇದ್ದಲ್ಲೆಲ್ಲ ಲ ಹಾಕಿ ಕಳಿಸಿದೆ,
ಸಾರಿಗೆ ಕೊನೆಗೆ ಉಪ್ಪು ಉದುರಿಸುವ ಹಾಗೆ.

ಆಮೇಲೆ ಅರಸೀಕೆರೆಯಲ್ಲಿ ತಮ್ಮನಿಗೆ ಪೂರ್ವಿ ಹುಟ್ಟಿದಳು.

ಇಪ್ಪತ್ತೆರಡು ತಿಂಗಳು. ಅವಳಿಗೆ ಅವಳು ಪೂವಿ.
ನಕ್ಷತ್ರ ಕೇಳಲಿಲ್ಲ. ಚಪ್ಪಲಿ ಕೇಳಿದಳು,
ನನ್ನ ಎಡಗಾಲಿನದು, ಅದೊಂದೇ, ಮೂರು ದಿನ.
ಕೂ ಅನ್ನಲು ಬಾರದೆ ರೈಲು 'ತೂ',
ಕುಕ್ಕರು 'ತೂ', ಪಕ್ಕದ ಮನೆ ನೂರ್‌ಜಾನಮ್ಮನ
ಹೊಲಿಗೆ ಮಿಷನ್ನೂ 'ತೂ'.
ಬೇಡದ್ದಕ್ಕೆ 'ಬೇದ'. ಬೇಕಾದದ್ದಕ್ಕೂ 'ಬೇದ',
ಕೈ ಮಾತ್ರ ಚಾಚಿಯೇ ಇರುತ್ತದೆ.

ಪುಸ್ತಕ ತೆರೆದೆ. 'ಓದು' ಅಂದಳು.
ಹಿಗ್ಗಿ ಓದಿದೆ. 'ಓದು!'
ಇನ್ನೂ ಗಟ್ಟಿಯಾಗಿ ಓದಿದೆ.
'ಓದೂ!' ಎಂದು ಕಿತ್ತುಕೊಂಡು
ನನ್ನ ಪುಟ್ಟಿಯನ್ನು ಬಕೆಟ್ಟಿನ ನೀರಿಗೆ ಹಾಕಿದಳು.
ವೇದಾವತಿ ಸೌಟು ಹಿಡಿದೇ ನಕ್ಕಳು:
'ಅತ್ತಿಗೆ, ಅದು ಓಗು. ಹೋಗು ಅಂತಿದಾಳೆ ನಿಮ್ಮನ್ನ.
ಗ ಇನ್ನೂ ಬಂದಿಲ್ಲ. ಕನೂ ಬಂದಿಲ್ಲ.'
ಕಡೂರು ಬಸ್ಸು ಇನ್ನೂ ಬಂದಿಲ್ಲ ಅನ್ನುವ ಹಾಗೆ,
ಅಷ್ಟೇ ನೆಮ್ಮದಿಯಾಗಿ.

ಹಿತ್ತಿಲ ಗೋಡೆಯ ಕಾಕ 'ತಾತ'.
ಕೊಬ್ಬರಿ ಮಂಡಿಯಿಂದ ಬರುವ ನಮ್ಮಪ್ಪನೂ 'ತಾತ'.
ಅಪ್ಪನಿಗೆ ಬೇಸರವಿರಲಿಲ್ಲ.
'ನಲವತ್ತು ವರ್ಷ ತಕ್ಕಡಿ ಹಿಡಿದೋನು ನಾನು,
ಎರಡು ತಟ್ಟೇನೂ ಸಮ ಅದೆ, ಬಿಡು' ಅಂದರು.

ಮಾರ್ಗಶಿರದಲ್ಲಿ ಅಪ್ಪ ಹೋದರು.
ಹನ್ನೊಂದನೆಯ ದಿನ ಎಲೆಯಲ್ಲಿ ಎಡೆ:
ಅನ್ನ, ಹುರುಳಿ ಸಾರು, ಕೋಡುಬಳೆ, ಒಂದು ಬೀಡಿ.
ಕಾಗೆ ಬರಲಿಲ್ಲ. ಬಿಸಿಲು ಗೋಡೆಯಿಂದ ಇಳಿದು
ನಮ್ಮ ಪಾದದವರೆಗೆ ಬಂತು.
ಕೊನೆಗೆ ಒಂದು, ನೀರಿನ ಟ್ಯಾಂಕಿನ ಅಂಚಿಗೆ, ಕತ್ತು ಕೊಂಕಿಸಿ.
ಪೂರ್ವಿ ಕೈ ತೋರಿ ಕೂಗಿದಳು: 'ತಾತ! ತಾತ!'

ಗುಬ್ಬಿಯಿಂದ ಬಂದ ಸೋದರತ್ತೆ ಮೊದಲು ಅತ್ತರು.
ಆಮೇಲೆ ಎಲ್ಲರೂ, ಮಂಡಿಯ ಹಮಾಲರೂ.
'ಕೂಸಿಗೆ ಗೊತ್ತಾಯ್ತು ನೋಡಿ.'
ಕತೆ ಬರೆಯುವವಳು ನಾನು; ಅವತ್ತು ಆ ಹಿತ್ತಿಲಲ್ಲಿ
ಎಲ್ಲರೂ ನನಗಿಂತ ಬೇಗ ಬರೆದು ಮುಗಿಸಿದ್ದರು.
ನಾನೂ ವೇದಾವತಿಯೂ ಮುಖ ನೋಡಿಕೊಂಡೆವು.
ಕ ಬಂದಿಲ್ಲ ಎಂದು
ಯಾರಿಗೂ ಹೇಳಲಿಲ್ಲ.

ಪೂರ್ವಿಗೆ ಬೇಕಿದ್ದದ್ದು ಕೋಡುಬಳೆ.
ಕಾಗೆ ಇಳಿದು ಅದನ್ನೇ ಎತ್ತಿತು.
ನೆಲಕ್ಕೆ ಬಿದ್ದು ಹೊರಳಿ ಕಿರುಚಿದಳು:
'ತಾತ, ಓದು! ತಾತ, ಓದು!'
ಜನ ಮತ್ತೆ ಅತ್ತರು.
ಅಪ್ಪನಿಗೆ ಓದು ಬರುತ್ತಿರಲಿಲ್ಲ,
ತೂಕದ ಅಂಕಿ ಬಿಟ್ಟರೆ.

ಆ ತಿಂಗಳು, ಮರುತಿಂಗಳು ಕತೆ ಕಳಿಸಲಿಲ್ಲ.
ಬರೆದರೆ ಒಳ್ಳೆಯ ಕತೆಯೇ. ಅದಕ್ಕೇ.

ಆಷಾಢದ ಒಂದು ಸಂಜೆ ಫೋನು.
'ಕಾಕ' ಅಂದಳು ಪೂರ್ವಿ, ಕಲ್ಲು ಒಡೆದಷ್ಟು ಸ್ಪಷ್ಟ.
'ನೆನ್ನೆಯಿಂದ' ಅಂದಳು ವೇದಾವತಿ,
'ಕಾಗೆ ಕಾಕ, ಕುಕ್ಕರು ಕೂ, ಎಲ್ಲಾ ಸರಿಹೋಯ್ತು.'
ತಾತ? ಎಂದೆ.
ಆ ಕಡೆ ಸ್ವಲ್ಪ ಹೊತ್ತು ಒಗ್ಗರಣೆಯ ಸದ್ದು.
'ಫೋಟೋ ತೋರಿಸಿದ್ರೆ, ಯಾಲು? ಅಂತಾಳೆ.'

ರ ಇರಬೇಕಾದಲ್ಲಿ ಲ.
ನಾನು ಹಾಕಿದ್ದಲ್ಲ.